ಅಂಗೈ ಕೆಳಗಿನ ಹಾರ್ಡ್ ಡಿಸ್ಕ್

ಮಸ್ಕಿಯಲ್ಲಿ ನಮ್ಮ ಅಂಗಡಿಯ ಪಕ್ಕ ಫೋಟೋ ಸ್ಟುಡಿಯೋ ಇಟ್ಟಿದ್ದವರು ಸುತ್ತಲಿನ ಮದುವೆಗಳನ್ನೆಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿ ಕಾಪಾಡಿಕೊಂಡಿದ್ದರು. ವೈರು ಕೀಳುವ ಮುನ್ನ ಅದರ ಮೇಲೆ ಅಂಗೈ ಇಟ್ಟು, ಒಳಗಿನ ಗುಂಯ್ ಸದ್ದು ನಿಲ್ಲುವ ತನಕ ಕಾಯುತ್ತಿದ್ದರು. ಗಿರಾಕಿಗಳು ಅವಸರ ಮಾಡಿದರೆ, "ಮಲಗಾಕತ್ತೈತಿ, ತಡೀರಿ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಜವಳಗೇರಾದಿಂದ ವಯಸ್ಸಾದವರೊಬ್ಬರು ಬಂದರು. ಮಗಳು ಹೆರಿಗೆಯಲ್ಲಿ ತೀರಿಹೋಗಿದ್ದಳು. "ಆಕಿ ಮದುವಿ ವಿಡಿಯೋ ಒಮ್ಮಿ ತೋರಸ್ರಿ" ಅಂದರು.

ವಿಡಿಯೋದಲ್ಲಿ ಮದುಮಗಳು ಇನ್ನೇನು ತಲೆ ಎತ್ತಬೇಕು, ಕರೆಂಟ್ ಹೋಯಿತು. ಡಿಸ್ಕನ್ನು ಮಲಗಿಸಲು ಪುರುಸೊತ್ತೇ ಸಿಗಲಿಲ್ಲ. ಕರೆಂಟ್ ಬಂದಾಗ ಅದು ಟಿಕ್ ಟಿಕ್ ಅಂದಿತೇ ಹೊರತು ತೆರೆಯಲಿಲ್ಲ.

ಸ್ಟುಡಿಯೋದವರು ಅದರ ಮೇಲೆ ಅಂಗೈ ಇಟ್ಟರು. ಸದ್ದು ನಿಂತ ಮೇಲೂ ಕೈ ತೆಗೆಯಲಿಲ್ಲ.

"ನನಗೇನು ಅವಸರಿಲ್ರಿ, ತಡೀತೀನಿ" ಅಂದು ಆ ತಂದೆ ಬೆಂಚಿನ ಮೇಲೆ ಕೂತರು.