ಅತ್ತೆ ನೀರು ಮುಟ್ಟದ ನೈರೋಬಿ ಪ್ರಯಾಣ

ನಮ್ಮ ಅತ್ತೆ ಶಿವಗಂಗಮ್ಮ ಊರುಗಳನ್ನು ಒಲೆಯಿಂದ ಗುರುತು ಹಿಡಿಯುತ್ತಾರೆ. ಪೋಖರಾ ಎಂದರೆ ಅವರಿಗೆ ಹಿಮದ ಬೆಟ್ಟವಲ್ಲ, ಚಳಿಗೆ ಬೆರಳು ಮಣಿಯದೆ ಹಿಟ್ಟು ನಾದಲು ಒದ್ದಾಡಿದ ಊರು. ಬಾಲಿ ಎಂದರೆ ಸಮುದ್ರದ ಗಾಳಿಗೆ ಗ್ಯಾಸಿನ ಉರಿ ಆರಿ ಆರಿ ಹೋದ ಹೋಟೆಲಿನ ಹಿತ್ತಲು. ಸಿಂಗಾಪುರದಲ್ಲಿ ಏನು ನೋಡಿದಿರಿ ಎಂದರೆ, "ಕರೆಂಟಿನ ಒಲೆ ಕಣೆ, ರೊಟ್ಟಿ ಉಬ್ಬಲೇ ಇಲ್ಲ" ಎನ್ನುತ್ತಾರೆ.

ಉಬ್ರಾಣಿಯಲ್ಲಿ ಹುಟ್ಟಿ ಚನ್ನಗಿರಿಗೆ ಸೊಸೆಯಾಗಿ ಬಂದ ಅವರು ಮದುವೆ ಮನೆಗಳಲ್ಲಿ ರೊಟ್ಟಿ ಬಡಿಯುತ್ತಿದ್ದವರು. ಅಡಿಕೆ ಮಂಡಿಯ ಪಂಚಾಕ್ಷರಪ್ಪನವರು ವರ್ಷಕ್ಕೊಮ್ಮೆ ನಮ್ಮ ಕಡೆಯ ಕುಟುಂಬಗಳನ್ನು ಕಲೆಹಾಕಿ ಹೊರದೇಶ ತೋರಿಸುತ್ತಾರೆ. ಯಾವ ಸಾರಿನಲ್ಲಿ ಏನು ಬಿದ್ದಿದೆಯೋ ಎಂಬ ಭಯಕ್ಕೆ ಅಡುಗೆಯವರನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಹಾಗೆ ಅತ್ತೆ ಜಗತ್ತು ಸುತ್ತಿದ್ದು. ಈ ಸಲ ಕೀನ್ಯಾ. ಜನ ಹೆಚ್ಚು, ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ಮಗಳು ಮೇಘಶ್ರೀಯನ್ನು ಜಗಳೂರಿನಲ್ಲಿ ನನ್ನ ಅಮ್ಮನ ಬಳಿ ಬಿಟ್ಟು ಸಹಾಯಕ್ಕೆ ನಾನೂ ಹೊರಟೆ. ನಾನಿಲ್ಲದೆ ಅವಳು ಹಾಲು ಕುಡಿಯುತ್ತಿಲ್ಲ ಎಂದು, ಬೆಂಗಳೂರಿನಲ್ಲಿ ನಾವು ವಿಮಾನ ಹತ್ತುವ ಮೊದಲೇ ಅಮ್ಮ ಫೋನು ಮಾಡಿದ್ದರು.

ಅತ್ತೆಯ ಕೊರಳಲ್ಲಿ ಸದಾ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಹಿಂದಿನ ಪ್ರವಾಸಗಳಲ್ಲಿ ತಪಾಸಣೆಯವರು ಅದನ್ನು ಮುಟ್ಟಿ ನೋಡಿ ಬಿಡುತ್ತಿದ್ದರಂತೆ. ವಿಮಾನ ಬದಲಿಸುವ ನಿಲ್ದಾಣದಲ್ಲಿ ಮಾತ್ರ ಈ ಸಲ ಹುಡುಗಿಯೊಬ್ಬಳು, ತೆಗೆದು ಟ್ರೇಯಲ್ಲಿಡಿ ಎಂದು ಸನ್ನೆ ಮಾಡಿದಳು. ನಾನಾಗಲೇ ಆಚೆಗೆ ದಾಟಿದ್ದೆ. ಅತ್ತೆ ಮೈತುಂಬ ಸೆರಗು ಹೊದ್ದು ಬಂದರು. "ಬರ್ರಿ ಬರ್ರಿ, ಬಾಗ್ಲು ಹಾಕಿಬಿಡ್ತಾರೆ!" ಎನ್ನುತ್ತ ಪಂಚಾಕ್ಷರಪ್ಪನವರು ಅತ್ತೆಯ ರೊಟ್ಟಿ ಬ್ಯಾಗನ್ನು ತಾವೇ ಹೆಗಲಿಗೇರಿಸಿ ಓಡಿದರು.

ವಿಮಾನ ಮೇಲೇರಿದ ಮೇಲೆ ಮೊಸರನ್ನದ ಡಬ್ಬಿ ಬಿಚ್ಚಿ ಅತ್ತೆಯ ಮುಂದಿಟ್ಟೆ.

"ಒಲ್ಲೆ."

"ಗುಳಿಗೆ ನುಂಗೀರಲ್ರೀ, ಉಣ್ಣದಿದ್ರೆ ಹೆಂಗೆ?"

ಅತ್ತೆ ಸೆರಗು ಸರಿಸಿದರು. ಕೊರಳು ಬರಿದಾಗಿತ್ತು.

"ಬೂಟು ಇಟ್ಟಿದ್ದ ತಟ್ಟೆಯಾಗೆ ಲಿಂಗಪ್ಪನ್ನ ಹೆಂಗೆ ಇಡ್ಲಿ? ವಸ್ತ್ರದಾಗೆ ಸುತ್ತಿ ರೊಟ್ಟಿ ಡಬ್ಬಿಯಾಗೆ ಇಟ್ಟೆ. ನಾನೇ ತೊಳ್ದ ಡಬ್ಬಿ, ಮಡಿಯಾಗೈತೆ. ಆ ಬ್ಯಾಗ್ ಇಸ್ಕೊಂಡ್ ಬಾ, ಕೈ ತೊಳ್ದು ಕಟ್ಕೊಂತೀನಿ."

ಮುಂದಿನ ಸಾಲಿಗೆ ಹೋಗಿ ಕೇಳಿದೆ. "ಮೇಲೆ ಜಾಗ ಇಲ್ಲ ಅಂತ ಬಾಗ್ಲಾಗೇ ಇಸ್ಕೊಂಡು ವಿಮಾನದ ಹೊಟ್ಟೆಗೆ ಹಾಕಿದ್ರಮ್ಮ" ಎಂದರು ಪಂಚಾಕ್ಷರಪ್ಪ. "ಬರೀ ರೊಟ್ಟಿ ತಾನೆ? ಕದ್ರೂ ಅವ್ರಿಗೆ ತಿನ್ನಾಕೆ ಹಲ್ಲು ಬೇಕಲ್ಲ!"

"ಅದ್ರಾಗೆ ಅತ್ತೆ ಲಿಂಗ ಐತ್ರೀ."

ಅವರ ನಗು ಅಲ್ಲೇ ನಿಂತಿತು. ಕೈ ತಾನಾಗಿ ತಮ್ಮ ಕೊರಳಿಗೆ ಹೋಯಿತು.

ಲಿಂಗ ಮೈಮೇಲಿಲ್ಲದೆ ಅತ್ತೆ ಹನಿ ನೀರೂ ಮುಟ್ಟುವವರಲ್ಲ. ಸಕ್ಕರೆ ಗುಳಿಗೆ ಮಾತ್ರ ತಪಾಸಣೆಗೆ ಮೊದಲೇ ಹೊಟ್ಟೆ ಸೇರಿದೆ. ಊಟವಿಲ್ಲದಿದ್ದರೆ ಅದು ಏನು ಮಾಡುತ್ತದೆಂದು ನನಗೆ ಗೊತ್ತು. ಹೋದ ಶ್ರಾವಣದಲ್ಲಿ ಅಡುಗೆಮನೆಯಲ್ಲಿ ಬಿದ್ದವರ ಬಾಯಿಗೆ ಸಕ್ಕರೆ ಹಾಕಿದವಳು ನಾನೇ.

"ಒಂದು ಚಮಚ ಗ್ಲೂಕೋಸ್, ಅತ್ತೆ. ಬಿದ್ದು ಹೋಗ್ತೀರಿ."

"ಬಿದ್ರೆ ಎತ್ತು."

"ಶಿವ ಏನು ಉಪವಾಸ ಸಾಯಿ ಅಂತಾನಾ?"

"ಅದು ನಂದು, ಅವನ್ದು. ನೀನು ನಡುವೆ ಬರಬ್ಯಾಡ."

ಕಿಟಕಿಯ ಪಕ್ಕದವರು ಮೋಡದ ಫೋಟೋ ತೆಗೆಯುತ್ತಿದ್ದರು. ನಾನು ಅತ್ತೆಯ ಹಣೆ ನೋಡುತ್ತ ಕುಳಿತೆ. ಬೆವರು ಬಂದಿದೆಯೇ? ಬೆರಳು ನಡುಗುತ್ತಿದೆಯೇ? ಮಾತು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಏನೇನೋ ಕೇಳುತ್ತಿದ್ದೆ. "ನಮ್ಮ ಎಮ್ಮೆಗೆ ಏನು ಹೆಸರಿಟ್ಟೀವ್ರೀ?" ಅಂದರೆ, "ನಿನಗೇ ಸಕ್ಕರೆ ಇಳಿದೈತೇನೇ?" ಎಂದು ಬೈದರು. ಬೈಗುಳ ಕೇಳಿ ಸ್ವಲ್ಪ ಜೀವ ಬಂತು.

ನೈರೋಬಿಯಲ್ಲಿ ಇಳಿಯುವ ಹೊತ್ತಿಗೆ ಬೈಗುಳವೂ ನಿಂತಿತ್ತು. ಸಾಮಾನು ಬರುವ ಪಟ್ಟಿಯ ಮುಂದೆ ಕುರ್ಚಿ ಹಾಕಿಸಿ ಕೂರಿಸಿದೆ. ಎಲ್ಲರ ಸೂಟ್‌ಕೇಸು ಬಂತು. ಹಿಟ್ಟಿನ ಚೀಲ, ಕುಕ್ಕರು, ಚಟ್ನಿಪುಡಿಯ ಪೆಟ್ಟಿಗೆ ಎಲ್ಲ ಬಂದವು. ರೊಟ್ಟಿ ಬ್ಯಾಗ್ ಬರಲಿಲ್ಲ. ಪಟ್ಟಿ ತಿರುಗುವುದೂ ನಿಂತಿತು. ಪಂಚಾಕ್ಷರಪ್ಪನವರು ತಮ್ಮ ಹರಕು ಇಂಗ್ಲಿಷಿನಲ್ಲಿ ಕೌಂಟರಿನವರನ್ನು ಬೇಡಿಕೊಳ್ಳುತ್ತಿದ್ದರು. ಅತ್ತೆಯ ಕುತ್ತಿಗೆ ಬೆವರಿ ರವಿಕೆ ಒದ್ದೆಯಾಗಿತ್ತು. ಕಣ್ಣು ಎಲ್ಲೋ ನಿಂತಿತ್ತು. ಗ್ಲೂಕೋಸಿನ ಪೊಟ್ಟಣ ಹರಿದೆ. ಇನ್ನು ಕೇಳುವುದಿಲ್ಲ, ದವಡೆ ಬಿಡಿಸಿಯಾದರೂ ಸುರಿಯುತ್ತೇನೆ, ಆಮೇಲೆ ಜನ್ಮಪೂರ್ತಿ ಮಾತು ಬಿಟ್ಟರೆ ಬಿಡಲಿ ಎಂದುಕೊಂಡೆ.

ಆಗ ಎಲ್ಲೋ ಒಂದು ಮಗು ಅತ್ತಿತು. ಮೇಘಶ್ರೀಯ ಅಳುವಿನ ಹಾಗೇ ಇತ್ತು. ತಿರುಗಿ ನೋಡಿದೆ. ದೂರದ ಮೂಲೆಯಲ್ಲಿ ಮಕ್ಕಳ ತಳ್ಳುಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ವಿಮಾನದ ಬಾಗಿಲಲ್ಲಿ ಇಸಿದುಕೊಂಡ ಗಾಡಿಗಳು. ಬಾಗಿಲಲ್ಲಿ ಇಸಿದುಕೊಂಡದ್ದು! ಓಡಿದೆ. ಒಂದು ಗಾಡಿಯ ಮೇಲೆ, ಕೂಸಿನ ಜಾಗದಲ್ಲಿ, ನಮ್ಮ ರೊಟ್ಟಿ ಬ್ಯಾಗ್ ಕುಳಿತಿತ್ತು.

ಬ್ಯಾಗನ್ನು ಅತ್ತೆಯ ಮಡಿಲಿಗಿಟ್ಟರೂ ಅವರು ಬಿಚ್ಚಲಿಲ್ಲ. "ಕೈ ತೊಳ್ಸು" ಎಂದರು. ಬಾಟಲಿಯಿಂದ ನೀರು ಸುರಿದೆ, ನೆಲವೆಲ್ಲ ಒದ್ದೆ. ನಡುಗುವ ಎಡಗೈಯ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದರು. ನನಗೆ ಆ ಹೊತ್ತು ವಿಮಾನದ ದಾರಿಗಿಂತ ಉದ್ದವೆನಿಸಿತು. ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಂಡವರೇ ಬಾಯಿ ತೆರೆದರು. ಗ್ಲೂಕೋಸ್ ಸುರಿದೆ. ರೊಟ್ಟಿಯೆಲ್ಲ ಪುಡಿಯಾಗಿತ್ತು. ಮುಷ್ಟಿ ತುಂಬ ಪುಡಿಯನ್ನೇ ತಿಂದರು.

ಪಂಚಾಕ್ಷರಪ್ಪನವರು ಕೈಮುಗಿದು ನಿಂತಿದ್ದರು. "ನಂದೇ ತಪ್ಪು, ಶಿವಗಂಗಮ್ಮಾರೆ."

"ತಪ್ಪು ಇರ್ಲಿ, ಇಲ್ಲಿ ಗ್ಯಾಸ್ ಎಲ್ಲಿ ಸಿಗ್ತೈತೆ ಕೇಳ್ರಿ" ಎಂದ ಅತ್ತೆ ನನ್ನ ಕಡೆ ತಿರುಗಿದರು. "ಕೂಸು ಹಾಲು ಕುಡೀತಂತಾ?"

ಮುಂದೆ ಮಾರಾ ಅಭಯಾರಣ್ಯದ ಹುಲ್ಲುಗಾವಲಿನಲ್ಲಿ ಎಲ್ಲರೂ ಸಿಂಹ ನೋಡಿದರು. ನಾನು ಅತ್ತೆಯ ಕೊರಳು ನೋಡುತ್ತಿದ್ದೆ. ನೈರೋಬಿಯ ಅಂಗಡಿಯಲ್ಲಿ ಮುಚ್ಚಳವಿರುವ ಪುಟ್ಟ ಸ್ಟೀಲ್ ಡಬ್ಬಿಯೊಂದನ್ನು ಕೊಂಡೆ. ಹಿಂದಿರುಗುವಾಗ ತಪಾಸಣೆಯ ಸಾಲಿನಲ್ಲಿ ಅದನ್ನು ತೋರಿಸಿದೆ. "ತೆಗೀರಿ ಅಂದ್ರೆ ಇದ್ರಾಗೆ ಇಡ್ರಿ. ಡಬ್ಬಿ ನಾನು ಹಿಡ್ಕೊಂತೀನಿ."

"ನೀನು ಬ್ಯಾಗ್ ಹಿಡ್ಕೋ" ಎಂದು ಅತ್ತೆ ಡಬ್ಬಿ ಕಸಿದುಕೊಂಡರು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ನಾನು ಬ್ಯಾಗನ್ನು ಅವಚಿಕೊಂಡು ಈ ಸಲ ಅವರ ಬೆನ್ನಿಗೇ ನಡೆದೆ.