ಬಾಯಿ ತೆರೆಸುವ ದೋನ್ಯಾ ಹೆರ್ಮೆಲಿಂದಾ

ನಮ್ಮ ಕೊನ್ಸೆಪ್ಸಿಯೋನ್ ಪೇಟೆಯಲ್ಲಿ ಬಾಯಿ ಮುಕ್ಕಳಿಸುವ ಔಷಧ ಬೇಕಾದರೆ ಮೊದಲು ಔಷಧದಂಗಡಿಯ ದೋನ್ಯಾ ಹೆರ್ಮೆಲಿಂದಾಳಿಗೆ ಬಾಯಿ ತೆರೆದು ತೋರಿಸಬೇಕು, ಪಾದ್ರಿಗೂ ವಿನಾಯಿತಿಯಿಲ್ಲ. "ಇದು ಹಲ್ಲುಜ್ಜೋದಕ್ಕೆ ಬದಲಿ ಅಲ್ಲ ಕಣಪ್ಪ. ಅರ್ಧ ನಿಮಿಷ ಮುಕ್ಕಳಿಸಿ ಉಗಿ, ನುಂಗಬೇಡ. ಆಮೇಲೆ ಸ್ವಲ್ಪ ಹೊತ್ತು ನೀರೂ ಬೇಡ, ಆ ತಣ್ಣನೆಯ ತೆರೆರೆ ಕಷಾಯ ಕುಡಿಯೋದೂ ಬೇಡ" ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ಯಾರ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ ಅವಳಿಗಿಲ್ಲ. ಪುಟ್ಟ ಮಕ್ಕಳಿಗೆಂದು ಕೇಳಿದವರನ್ನು ಬೈದೇ ಕಳಿಸುತ್ತಾಳೆ. ದೋಣಿ ನಡೆಸುವ ಅಬುಂದಿಯೊ ಚುಟ್ಟಾದ ವಾಸನೆ ಅಡಗಿಸಲು ಅವಳಲ್ಲೇ ಬಾಟಲಿ ಕೊಳ್ಳುತ್ತಿದ್ದ. ಕಳೆದ ಬೇಸಿಗೆಯಲ್ಲಿ ಅವನ ನಾಲಿಗೆಯ ಪಕ್ಕದ ಹುಣ್ಣು ಕಂಡು ಬಾಟಲಿಯನ್ನು ವಾಪಸ್ಸಿಟ್ಟಳು. "ಹೋದ ತಿಂಗಳೂ ಇದು ಇಲ್ಲೇ ಇತ್ತಲ್ಲೋ!" "ನೋವೇ ಇಲ್ಲ ಮಾರಾಯ್ತಿ, ಬಾಟಲಿ ಕೊಡು." "ನೋವಿಲ್ಲ ಅನ್ನೋದಕ್ಕೇ ನಂಗೆ ಹೆದರಿಕೆ. ನಡಿ ಆಸ್ಪತ್ರೆಗೆ." ತನ್ನ ಮಗಳ ಮದುವೆಯ ದಿನವೂ ಮುಚ್ಚದಿದ್ದ ಅಂಗಡಿಗೆ ಬೀಗ ಜಡಿದು, ತೋಳು ಹಿಡಿದು ಅವನನ್ನು ಬಸ್ಸು ಹತ್ತಿಸಿದಳು. ಹುಣ್ಣು ಕ್ಯಾನ್ಸರೇ ಆಗಿತ್ತು. ಬೇಗ ಗೊತ್ತಾದ್ದರಿಂದ ನಾಲಿಗೆಯ ಅಂಚಷ್ಟೇ ಹೋಯಿತು, ಜೀವ ಉಳಿಯಿತು. ಈಗ ಅವನ ಮಾತು ತೊದಲುತ್ತದೆ, ಒಂದು ವಾಕ್ಯಕ್ಕೆ ಬಹಳ ಹೊತ್ತು ಬೇಕು. ಗಿರಾಕಿಗಳು ಸಾಲುಗಟ್ಟಿ ನಿಂತಿದ್ದರೂ, ಅವನು ಮುಗಿಸುವ ತನಕ ಹೆರ್ಮೆಲಿಂದಾ ಸುಮ್ಮನೆ ಕೇಳುತ್ತ ನಿಂತಿರುತ್ತಾಳೆ.