ಕುಮಾರ ಪರ್ವತದಲ್ಲಿ ಹಾಕಿದ ಕೂ

ನಾವು ಮೂವರಿದ್ದೆವು. ನಾನು, ಆಲೆಟ್ಟಿಯ ನನ್ನ ಭಾವ ಕುಶಾಲಪ್ಪ, ಕಾಡುಜೇನಿನ ವ್ಯಾಪಾರದ ಇದ್ದಿನಬ್ಬ. ಭಾವನನ್ನು ಒತ್ತಾಯಿಸಿ ಹೊರಡಿಸಿದವನು ನಾನೇ. ಅಕ್ಕ ಬೇಡವೆಂದಿದ್ದಳು. (ಕೇಳಿದವರು ಯಾರು?)

ಈ ಬೆಟ್ಟಕ್ಕೆ ಹೆಸರೂ ಎರಡು, ದಾರಿಯೂ ಎರಡು. ನಾವು ಸುಬ್ರಹ್ಮಣ್ಯದಿಂದ ಹತ್ತಿ ಕುಮಾರ ಪರ್ವತ ಎನ್ನುತ್ತೇವೆ. ಕೊಡಗಿನವರು ಸೋಮವಾರಪೇಟೆ ಕಡೆಯಿಂದ ಹತ್ತಿ ಪುಷ್ಪಗಿರಿ ಎನ್ನುತ್ತಾರೆ. ಮಂಜು ಮುಸುಕಿತೋ, ಯಾವ ಹುಲ್ಲುದಾರಿ ಯಾವ ಊರಿಗೆ ಇಳಿಯುತ್ತದೆಂದು ದೇವರೇ ಹೇಳಬೇಕು.

ಹೊರಡುವಾಗಲೇ ಇದ್ದಿನಬ್ಬ ಎಚ್ಚರಿಸಿದ್ದರು. "ಕಾಡಲ್ಲಿ ಹೆಸರು ಕರೀಲಿಕ್ಕಿಲ್ಲ ಮಾರಾಯ್ರೆ. ಕೂ ಹಾಕುದು, ಅಷ್ಟೇ. ಹೆಸರು ಹಿಡಿದು ಕರೆದ್ರೆ ಅದು ನಮ್ಮವರಲ್ಲ."

ನಮ್ಮ ಅಜ್ಜಿಯೂ ಅದನ್ನೇ ಹೇಳುತ್ತಿದ್ದಳು, ಹೆಸರು ಹಿಡಿದು ಕರೆಯುವುದು ಕಾಡಿನ ಪೀಡೆ ಎಂದು. ಭಾವ ಗಂಭೀರವಾಗಿ ತಲೆಯಾಡಿಸಿದರು.

ಶಿಖರದಿಂದ ಇಳಿಯುವಾಗ ಮಂಜು ಬಂತು. ಹೊಸ ಕ್ಯಾನ್ವಾಸ್ ಶೂ ಕಚ್ಚಿ, ಭಾವ ಹಿಂದುಳಿದರು. ನಾನು ಕೂ ಹಾಕಿದೆ. ಕೂ ಬಂತು. ಸಮಾಧಾನ. ಮುಂದೆ ಹೋಗಿ ಮತ್ತೆ ಹಾಕಿದೆ. ಮತ್ತೆ ಬಂತು. ಕೊನೆಗೆ ಮಂಜಿನಿಂದ ಹೊರಬಂದವನು ಬೆತ್ತದ ಕಟ್ಟು ಹೊತ್ತ ಯಾರೋ ಒಬ್ಬ.

"ನೀವು ಕೂ ಹಾಕಿದ್ರಿ, ನಾನೂ ಹಾಕಿದೆ. ಹಾಕದೆ ಇರ್ಲಿಕ್ಕೆ ಆಗ್ತದಾ?"

ಅವನ ತಪ್ಪೇನು?

ನಾನೂ ಇದ್ದಿನಬ್ಬರೂ ವಾಪಸ್ ಹತ್ತಿದೆವು. ಗಂಟಲು ಹರಿಯುವಷ್ಟು ಕೂ ಹಾಕಿದೆವು. ಗಾಳಿ ಮಾತ್ರ. ಬೆಳಕು ಇಳಿಯುತ್ತಿತ್ತು. ಪ್ರಪಾತ ಎಲ್ಲಿದೆಯೋ ಕಾಣದು. ಅಕ್ಕನಿಗೆ ಏನು ಹೇಳಲಿ? ತಲೆಯಲ್ಲಿ ಅದೊಂದೇ. ಆಗ ಆ ಇದ್ದಿನಬ್ಬರೇ ಎರಡೂ ಕೈ ಬಾಯಿಗಿಟ್ಟು "ಕುಶಾಲಪ್ಪಣ್ಣಾ" ಎಂದು ಕೂಗಿದರು. ಎರಡು ಸಲ.

ಕತ್ತಲಾದ ಮೇಲೆ ಇಬ್ಬರೇ ಇಳಿದೆವು.

ಮರುದಿನ ಊರವರು ಹುಡುಕಿದರು. ನಾನು ಆಲೆಟ್ಟಿಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಹೊಸ ಶೂ ಕಚ್ತದೆ ಅಂತ ಹೇಳಿದ್ದೆ" ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೂರನೆಯ ದಿನ ಸುಳ್ಯದಲ್ಲಿ ಮಡಿಕೇರಿ ಬಸ್ಸಿನಿಂದ ಭಾವ ಇಳಿದರು. ಶೂ ಕೈಯಲ್ಲಿತ್ತು. ಕೊಡಗಿನ ಕಡೆ ಇಳಿದು, ಯಾರದೋ ಮನೆಯಲ್ಲಿ ಉಳಿದಿದ್ದರಂತೆ. ನನಗೆ ಸಿಟ್ಟು, ಅಳು, ಎರಡೂ.

"ನಾವು ಕರೆದದ್ದು ಕೇಳ್ಲಿಲ್ವಾ ಭಾವ?"

"ಕೂ ಕೇಳಿ ನಿಮ್ಮ ಕಡೆಗೇ ಬರ್ತಾ ಇದ್ದೆ. ನಾನು ಹಾಕಿದ್ದು ಗಾಳಿಗೆ ನಿಮಗೆ ಮುಟ್ಲಿಲ್ಲ ಕಾಣ್ತದೆ. ಅಷ್ಟರಲ್ಲಿ ಹೆಸರು ಕೇಳಿತು. ಮತ್ತೆ ನಿಲ್ಲುದುಂಟಾ? ತಿರುಗಿ ಓಡಿದೆ."

ನಮ್ಮನ್ನು ಕಾಪಾಡಲೆಂದು ಹಿರಿಯರು ಕಲಿಸಿದ ಮಾತನ್ನು ಭಾವ ಪಾಲಿಸಿದರು, ನಾವು ಮುರಿದೆವು. ಯಾರನ್ನು ಬೈಯುತ್ತೀರಿ, ಹೇಳಿ?

ಯಾವಾಗಲೂ ಕೊನೆಗೆ ಉಣ್ಣುವ ಅಕ್ಕ ಆ ಮಧ್ಯಾಹ್ನ ಭಾವನಿಗೆ ಊಟಕ್ಕೆ ಎಲೆ ಹಾಕಿ, ಪಕ್ಕದಲ್ಲೇ ತನಗೂ ಒಂದು ಹಾಕಿಕೊಂಡು ಕುಳಿತಳು.